ಬಚ್ಚಲ ಒಲೆಯ ಜೀರುಂಡೆಗೆ ಔಷಧಿ ಹೊಡೆಯಬೇಡಿ

ಶಾಂಘೈ
ಅಕ್ಟೋಬರ್ 19

ತೀರ್ಥರೂಪು ಅಮ್ಮನಿಗೆ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಪ್ಪ, ಅಣ್ಣ, ಅತ್ತಿಗೆ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಬಚ್ಚಲ ಒಲೆಯ ಸಂದಿಯಲ್ಲಿ ಜೀರುಂಡೆ ಸೇರಿಕೊಂಡು ರಾತ್ರಿಯಿಡೀ ಕಿರ್ರೆನ್ನುತ್ತದೆ, ಅತ್ತಿಗೆಗೆ ನಿದ್ದೆಯಿಲ್ಲ, ಮೂಡಿಗೆರೆಯಿಂದ ಔಷಧಿ ತಂದು ಹೊಡೆಯುತ್ತೇನೆ ಎಂದನಲ್ಲ ಅಣ್ಣ, ದಯವಿಟ್ಟು ಅದೊಂದನ್ನು ಮಾಡಿಸಬೇಡ. ಬಸುರಿ ಹೆಂಗಸು ಓಡಾಡುವ ಜಾಗಕ್ಕೆ ವಿಷ ಹೊಡೆಯುವುದೇ ತಪ್ಪು. ಅದೂ ಅಲ್ಲದೆ, ಇಲ್ಲಿಯ ಜನ ದುಡ್ಡು ಕೊಟ್ಟು ಮನೆಗೆ ತರುವ ಅದೃಷ್ಟ ನಮ್ಮಲ್ಲಿಗೆ ತಾನಾಗಿ ಬಂದು ಕೂತಿದೆ.

ಇಲ್ಲಿ ಹೂವು, ಹಕ್ಕಿ ಮಾರುವ ಸಂತೆಯಲ್ಲಿ ಜೀರುಂಡೆಗೇ ಒಂದು ಸಾಲು ಅಂಗಡಿಗಳಿವೆ. ಮುಷ್ಟಿಗಾತ್ರದ ಮಣ್ಣಿನ ಕುಡಿಕೆಗಳು, ಅದರೊಳಗೆ ನೀರಿಗೆಂದು ಉಗುರಿನಷ್ಟು ಪಿಂಗಾಣಿ ತಟ್ಟೆ, ಪಕ್ಕದಲ್ಲಿ ಬೆಂದ ಅನ್ನದ ಒಂದು ಅಗುಳು. ಒಬ್ಬ ಮುದುಕರು ಮುಚ್ಚಳ ಸರಿಸಿ ತೋರಿಸಿದರು. ಕರಿಗಂದು ಬಣ್ಣದ ಹುಳ ಮೀಸೆ ಆಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ರೆಕ್ಕೆ ಎರಡನ್ನೂ ಮೇಲೆತ್ತಿ ಒಂದಕ್ಕೊಂದು ಉಜ್ಜಿತು ನೋಡು, ಅದೇ ನಮ್ಮ ಬಚ್ಚಲ ಸದ್ದು! ಬಾಯಿಂದ ಬರುವ ಕೂಗಲ್ಲ ಅದು. ಒಂದು ರೆಕ್ಕೆಯಲ್ಲಿ ಅರದಂಥ ಹಲ್ಲುಸಾಲು, ಇನ್ನೊಂದರ ಅಂಚು ಅದನ್ನು ಕೆರೆಯುತ್ತದೆ. ಕೂಗುವುದು ಗಂಡು ಮಾತ್ರ. ಕೇಳಿಸಿಕೊಳ್ಳುವ ಕಿವಿ ಇರುವುದು ಮುಂಗಾಲಿನಲ್ಲಿ.

ಚಳಿಗಾಲ ಬಂದರೆ ಕೆಲವರು ಅದನ್ನು ಪುಟ್ಟ ಸೋರೆಬುರುಡೆಯಲ್ಲಿಟ್ಟು ಅಂಗಿಯೊಳಗೆ ಎದೆಗೆ ತಾಗಿಸಿಕೊಂಡು ಓಡಾಡುತ್ತಾರೆ, ಮೈಶಾಖಕ್ಕೆ ಬದುಕಲಿ ಎಂದು. ಎಂಟನೇ ಶತಮಾನದಲ್ಲಿ, ತಾಂಗ್ ಅರಸರ ಕಾಲದಲ್ಲಿ, ರಾಣಿವಾಸದ ಹೆಂಗಸರು ಸಣ್ಣ ಚಿನ್ನದ ಪಂಜರದಲ್ಲಿ ಜೀರುಂಡೆ ಇಟ್ಟು ದಿಂಬಿನ ಪಕ್ಕದಲ್ಲಿ ಅದರ ದನಿ ಕೇಳುತ್ತಾ ಮಲಗುತ್ತಿದ್ದರಂತೆ. ತವರಿನಿಂದ ದೂರವಿದ್ದ ಆ ಹೆಣ್ಣುಮಕ್ಕಳಿಗೆ ಅದರಲ್ಲಿ ಏನು ಕೇಳಿಸುತ್ತಿತ್ತು ಎನ್ನುವುದು ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ.

ಇದು ಶುಭ ಹೇಗಾಯಿತು ಎಂದು ನೀನು ಕೇಳುತ್ತೀಯ. ಚೀನಾದ ಅತಿ ಹಳೆಯ ಕವಿತೆಗಳಲ್ಲೊಂದು ಹೇಳುವಂತೆ ಜೀರುಂಡೆ ಏಳನೇ ತಿಂಗಳು ಹೊಲದಲ್ಲಿ, ಎಂಟನೇ ತಿಂಗಳು ಸೂರಿನಡಿಯಲ್ಲಿ, ಒಂಬತ್ತನೇ ತಿಂಗಳು ಬಾಗಿಲಲ್ಲಿ, ಹತ್ತನೇ ತಿಂಗಳು ಮಂಚದ ಕೆಳಗೆ. ಚಳಿ ಹೆಚ್ಚಿದಂತೆ ಬೆಚ್ಚಗಿರುವ ಮನೆ ಹುಡುಕಿಕೊಂಡು ಬರುತ್ತದೆ. ಇಂಗ್ಲೆಂಡಿನ ಹಳ್ಳಿಗಳಲ್ಲೂ ಒಲೆಯ ಬಳಿ ಜೀರುಂಡೆ ಕೂಗಿದರೆ ಮನೆಗೆ ಒಳ್ಳೆಯದು, ಕೊಂದರೆ ಕೇಡು ಎನ್ನುತ್ತಿದ್ದರು. ನನಗನಿಸುವುದು ಇಷ್ಟೇ ಅಮ್ಮ: ಒಲೆ ಆರದ, ತಿನ್ನಲು ನಾಲ್ಕು ಕಾಳು ಉದುರಿರುವ ಮನೆಗೇ ಅದು ಬರುವುದು. ದಿನಾ ಹಂಡೆ ಕಾಯುವ ನಮ್ಮ ಬಚ್ಚಲನ್ನು ಅದು ಸುಮ್ಮನೆ ಆರಿಸಿಕೊಂಡಿಲ್ಲ. ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ಕುಟ್ಟುವವಳು ನೀನು, ಇದನ್ನೂ ಹಾಗೇ ನಂಬಬಾರದೇ?

ಅತ್ತಿಗೆಗೆ ಹೇಳಬೇಕಾದ ಮಾತೊಂದಿದೆ. ಜೀರುಂಡೆ, ಮಿಡತೆಗಳು ರಾಶಿ ಮೊಟ್ಟೆ ಇಡುವುದರಿಂದ ಇಲ್ಲಿ ಅವು ಸಂತಾನಭಾಗ್ಯದ ಗುರುತೂ ಹೌದು. ಬೀಜಿಂಗಿನ ಹಳೆಯ ಅರಮನೆಯ ರಾಣಿವಾಸದಲ್ಲಿ ಹಸಿರು ಮಿಡತೆಯ ಹೆಸರಿಟ್ಟ ಬಾಗಿಲೇ ಇದೆ, ಮನೆತನಕ್ಕೆ ಮಕ್ಕಳಾಗಲಿ ಎಂಬ ಹಾರೈಕೆಗೆ. ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುವ ಹೊತ್ತಿಗೆ ಸರಿಯಾಗಿ ಅದು ಬಂದಿರುವುದು ನನಗೆ ಎಷ್ಟು ಖುಷಿ ಕೊಟ್ಟಿತು ಗೊತ್ತಾ!

ಇಲ್ಲಿ ಜೀರುಂಡೆ ಕಾಳಗವನ್ನೂ ಆಡಿಸುತ್ತಾರೆ, ಬಾಜಿ ಕಟ್ಟುವವರೂ ಇದ್ದಾರೆ. ಅದು ನನಗೆ ಒಂಚೂರೂ ಹಿಡಿಸಲಿಲ್ಲ. ಸಾಂಗ್ ರಾಜ್ಯದ ಮಂತ್ರಿ ಜಿಯಾ ಸಿದಾವೋ ಈ ಕಾಳಗದ ಹುಚ್ಚಿನಲ್ಲಿ ರಾಜ್ಯವನ್ನೇ ಮರೆತ ಎಂದು ಇವತ್ತಿಗೂ ಬೈಯುತ್ತಾರೆ. ಮಂಗೋಲರು 1273ರಲ್ಲಿ ಸಿಯಾಂಗ್‌ಯಾಂಗ್ ಕೋಟೆ ಹಿಡಿದರು, 1279ರಲ್ಲಿ ಆ ರಾಜವಂಶವೇ ಮುಗಿಯಿತು. ಪಾಪದ ಹುಳವನ್ನು ಹಾಡಲು ಬಿಡಬೇಕು, ಕಚ್ಚಾಡಿಸಬಾರದು.

ಅತ್ತಿಗೆಯ ನಿದ್ದೆಗೆ ದಾರಿ ಹೇಳುತ್ತೇನೆ. ಹಾಸಿಗೆಯನ್ನು ಬಚ್ಚಲಿಗೆ ತಾಗಿದ ಕೋಣೆಯಿಂದ ನಡುಮನೆಗೆ ಹಾಕಿಕೊಡಿ. ಚಳಿ ಏರಿದಂತೆ ಕೂಗು ತಾನಾಗಿ ನಿಧಾನವಾಗುತ್ತದೆ. ಸೆಕೆಗೆ ಚುರುಕು, ಚಳಿಗೆ ಮಂದ, ಅದರ ಲೆಕ್ಕವೇ ಹಾಗೆ. ಅಮೆರಿಕದ ಡಾಲ್ಬೇರ್ ಎಂಬ ವಿಜ್ಞಾನಿ 1897ರಲ್ಲೇ ಕೂಗು ಎಣಿಸಿ ಉಷ್ಣಾಂಶ ಹೇಳುವ ಸೂತ್ರ ಬರೆದಿದ್ದ. ಅಷ್ಟಕ್ಕೂ ತಡೆಯಲಾಗದಿದ್ದರೆ ಅಣ್ಣ ಅದರ ಮೇಲೆ ಲೋಟ ಕವುಚಿ, ಅಡಿಗೆ ರಟ್ಟು ತೂರಿಸಿ, ಹಿತ್ತಲ ಸೌದೆ ಕೊಟ್ಟಿಗೆಯಲ್ಲಿ ಬಿಟ್ಟು ಬರಲಿ. ಹತ್ತಿರ ಹೋದ ಕೂಡಲೇ ಸದ್ದು ನಿಲ್ಲಿಸುತ್ತದೆ, ಅಲುಗಾಡದೆ ಕಾಯಬೇಕು.

ಚಿಕ್ಕಮಗಳೂರಿನಲ್ಲಿ ಮಾಡಿಸಬೇಕೆಂದಿದ್ದ ಸ್ಕ್ಯಾನಿಂಗ್ ಆಯಿತಾ? ಅರೇಬಿಕಾ ಕೊಯ್ಲಿಗೆ ಆಳು ಸಿಕ್ಕರಾ, ಅಪ್ಪನ ಮಂಡಿನೋವು ಹೇಗಿದೆ, ಎಲ್ಲಾ ವಿವರವಾಗಿ ತಿಳಿಸು. ಅತ್ತಿಗೆಗೆಂದು ತೆಳುವಾದ ರೇಷ್ಮೆ ಹೊದಿಕೆ ಕೊಂಡಿಟ್ಟಿದ್ದೇನೆ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ ಮಗಳು