ಹೊಸ ಶುದ್ಧೀಕರಣ ಘಟಕ: ನಮ್ಮದೇ ಹಳೆಯ ಮಾತಿಗೊಂದು ತಿದ್ದುಪಡಿ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಕೊಳವೆಬಾವಿಗಳ ನೀರು ಹೊಸ ಘಟಕವೊಂದನ್ನು ಹಾದು ನಿಮ್ಮ ನಲ್ಲಿಗೆ ಬರುತ್ತದೆ. ಬಣ್ಣ, ರುಚಿ ಎಲ್ಲ ಮೊದಲಿನಂತೆಯೇ ಇರುತ್ತದೆ. ಹಾಗಿದ್ದರೆ ಇಷ್ಟುದ್ದದ ಪತ್ರ ಯಾಕೆ ಅಂತ ಕೇಳಬಹುದು. ಹಿಂದೆ ನಿಮಗೆ ಬರೆದ ಒಂದು ಮಾತನ್ನು ನಾವು ತಿದ್ದಿಕೊಳ್ಳಬೇಕಾಗಿದೆ, ಅದಕ್ಕೆ.

ಕೆಲವು ವರ್ಷಗಳ ಹಿಂದೆ ನಮ್ಮ ಅಂತರ್ಜಲದಲ್ಲಿ ಟ್ರೈಕ್ಲೋರೋಎಥಿಲೀನ್ ಸಿಕ್ಕಿತ್ತು. ಲೋಹದ ಭಾಗಗಳ ಜಿಡ್ಡು ತೆಗೆಯಲು ಕಾರ್ಖಾನೆಗಳು ಬಳಸುವ ದ್ರಾವಕ ಅದು. ಆಗ ನೀರಿನೊಳಗೆ ಗಾಳಿ ಊದುವ ಗೋಪುರ ಕಟ್ಟಿದೆವು, ಇದ್ದಿಲಿನ ತೊಟ್ಟಿ ಇಟ್ಟೆವು. ‘ಇನ್ನು ಚಿಂತೆಯಿಲ್ಲ’ ಅಂತ ಬರೆದೆವು. ಆ ದ್ರಾವಕದ ಮಟ್ಟಿಗೆ ಅದು ನಿಜ. ಆದರೆ ನಾವು ಹುಡುಕುತ್ತಿದ್ದದ್ದೂ ಅದನ್ನು ಮಾತ್ರ. ಪರೀಕ್ಷೆಯ ಪಟ್ಟಿಯಲ್ಲೇ ಇಲ್ಲದ್ದು ವರದಿಯಲ್ಲಿ ಬರುವುದಿಲ್ಲ, ಅಲ್ವಾ? ಪಟ್ಟಿ ಉದ್ದ ಮಾಡಿದ ಮೇಲೆ ಇನ್ನೊಂದು ಕಾಣಿಸಿತು. ಅದರ ಹೆಸರು 1,4-ಡಯಾಕ್ಸೇನ್.

ಇದು ಟ್ರೈಕ್ಲೋರೋಈಥೇನ್ ಎಂಬ ಮತ್ತೊಂದು ದ್ರಾವಕ ಕೆಡದಿರಲಿ ಅಂತ ಬೆರೆಸುತ್ತಿದ್ದ ವಸ್ತು. ದ್ರಾವಕ ಸೋರಿದ ಕಡೆ ಇದೂ ಸೋರಿರುತ್ತದೆ. ಇದರ ಸ್ವಭಾವವೇ ಹಟಮಾರಿ. ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತದೆ. ಮಣ್ಣಿಗೆ ಅಷ್ಟಾಗಿ ಅಂಟದೆ ನೀರು ಹೋದ ಕಡೆಗೆಲ್ಲ ಹೋಗುತ್ತದೆ. ಗಾಳಿ ಊದಿದರೆ ಸುಲಭಕ್ಕೆ ಹಾರಿಹೋಗುವುದಿಲ್ಲ. ಇದ್ದಿಲು ಇದನ್ನು ಹಿಡಿದಿಟ್ಟುಕೊಳ್ಳುವುದೂ ಕಷ್ಟ. ಕುದಿಸಿ ಕುಡಿದರಾಯಿತು ಅಂದುಕೊಳ್ಳಬೇಡಿ. ನೀರು 100 ಡಿಗ್ರಿಗೆ ಕುದ್ದರೆ ಇದು ಸುಮಾರು 101 ಡಿಗ್ರಿಗೆ ಕುದಿಯುತ್ತದೆ!

ಅಪಾಯ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 50 ಮೈಕ್ರೋಗ್ರಾಂವರೆಗೆ ಒಪ್ಪುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ ಬೇರೆ. ಅದರ ಪ್ರಕಾರ ಲೀಟರಿಗೆ 0.35 ಮೈಕ್ರೋಗ್ರಾಂ ಇರುವ ನೀರನ್ನು ಜೀವಮಾನವಿಡೀ ಕುಡಿದರೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದು. ನಮ್ಮ ನೀರು ಈ ಎರಡು ಸಂಖ್ಯೆಗಳ ನಡುವೆ ಇದೆ. ಇವತ್ತು ಒಂದು ಲೋಟ ಕುಡಿದರೆ ಏನೋ ಆಗಿಬಿಡುತ್ತದೆ ಅಂತಲ್ಲ. ಆದರೆ ನೀವು ಈ ನೀರನ್ನು ಕುಡಿಯುವುದು ಒಂದು ದಿನವಲ್ಲ. ಎರಡು ಲೆಕ್ಕಗಳಲ್ಲಿ ಸಡಿಲವಾದದ್ದನ್ನು ಹಿಡಿದು ಸುಮ್ನೆ ಕೂರಲು ನಮಗೆ ಮನಸ್ಸಾಗಲಿಲ್ಲ.

ಹೊಸ ಘಟಕದ ಕೆಲಸವನ್ನು ಅಡ್ವಾನ್ಸ್ಡ್ ಆಕ್ಸಿಡೇಷನ್ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಮೊದಲು ನೀರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುತ್ತೇವೆ. ಸ್ವಲ್ಪ ಅಂದರೆ ಲೀಟರಿಗೆ ಕೆಲವೇ ಮಿಲಿಗ್ರಾಂ. ಆಮೇಲೆ ಆ ನೀರು 254 ನ್ಯಾನೋಮೀಟರ್ ಅಲೆಯುದ್ದದ ಯುವಿ ದೀಪಗಳ ಮುಂದೆ ಹರಿಯುತ್ತದೆ. ಬೆಳಕು ಬಿದ್ದ ಪೆರಾಕ್ಸೈಡ್ ಅಣು ಎರಡಾಗಿ ಒಡೆಯುತ್ತದೆ. ಆ ತುಂಡುಗಳೇ ಹೈಡ್ರಾಕ್ಸಿಲ್ ರಾಡಿಕಲ್‌ಗಳು. ಅವುಗಳ ಮುಂದೆ ಕ್ಲೋರಿನ್, ಓಝೋನ್ ಎಲ್ಲ ಸಾಧುಪ್ರಾಣಿಗಳು. ಎದುರಿಗೆ ಸಿಕ್ಕಿದ್ದನ್ನು ಕಚ್ಚುತ್ತವೆ, ಡಯಾಕ್ಸೇನನ್ನೂ ಹರಿದು ಹಾಕುತ್ತವೆ. ಅವುಗಳ ಆಯಸ್ಸು ಸೆಕೆಂಡಿನ ಸಾವಿರದ ಒಂದು ಭಾಗವೂ ಇಲ್ಲ, ಹಾಗಾಗಿ ನಿಮ್ಮ ಲೋಟದವರೆಗೆ ಬರುವ ಮಾತೇ ಇಲ್ಲ.

ಹಳೆಯ ವಿಧಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಗೋಪುರ ಕೊಳೆಯನ್ನು ನೀರಿನಿಂದ ಗಾಳಿಗೆ ದಾಟಿಸುತ್ತಿತ್ತು, ಇದ್ದಿಲು ತನ್ನೊಳಗೆ ತುಂಬಿಕೊಳ್ಳುತ್ತಿತ್ತು. ಇದು ಅಣುವನ್ನೇ ಒಡೆಯುತ್ತದೆ. ಪೂರ್ತಿ ಒಡೆದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ನಿಜ ಹೇಳಬೇಕೆಂದರೆ ಎಲ್ಲವೂ ಅಲ್ಲಿಯವರೆಗೆ ಹೋಗುವುದಿಲ್ಲ. ಆಲ್ಡಿಹೈಡ್, ಸಣ್ಣಪುಟ್ಟ ಆಮ್ಲಗಳು ಅರ್ಧ ದಾರಿಯಲ್ಲಿ ಉಳಿಯುತ್ತವೆ. ಅದಕ್ಕೇ ಹಳೆಯ ಇದ್ದಿಲಿನ ತೊಟ್ಟಿಯನ್ನು ಕಿತ್ತುಹಾಕಿಲ್ಲ, ದೀಪಗಳ ನಂತರಕ್ಕೆ ಸರಿಸಿದ್ದೇವೆ. ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಈ ಚೂರುಗಳನ್ನು ತಿಂದುಹಾಕುತ್ತವೆ. ಬೆರೆಸಿದ ಪೆರಾಕ್ಸೈಡಿನಲ್ಲಿ ಬಳಕೆಯಾಗದೆ ಉಳಿಯುವುದೇ ಜಾಸ್ತಿ. ಅದನ್ನೂ ಇದ್ದಿಲು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ.

‘ನಮ್ಮ ಮನೆಯ ಫಿಲ್ಟರಿನಲ್ಲೂ ಯುವಿ ಇದೆಯಲ್ಲ’ ಅಂತ ಕೆಲವರು ಕೇಳಿದ್ದಾರೆ. ಕ್ರಿಮಿ ಕೊಲ್ಲಲು ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಬೆಳಕು ಸಾಕು. ಈ ಕೆಲಸಕ್ಕೆ ಹಲವು ನೂರು ಬೇಕು, ಪೆರಾಕ್ಸೈಡೂ ಬೇಕು. ಕರೆಂಟು ಕುಡಿಯುವ ಯಂತ್ರ ಇದು. ಅದರ ಪರಿಣಾಮ ನಿಮ್ಮ ಬಿಲ್ಲಿನಲ್ಲೂ ಕಾಣುತ್ತದೆ. ವಿವರ ಬಿಲ್ಲಿನ ಜೊತೆಗೇ ಬರಲಿದೆ.

ಓಝೋನ್ ಬಳಸುವ ದಾರಿಯನ್ನೂ ಯೋಚಿಸಿದ್ದೆವು. ನಮ್ಮ ನೀರಿನಲ್ಲಿ ಬ್ರೋಮೈಡ್ ಇದೆ. ಓಝೋನ್ ಸೇರಿದರೆ ಅದು ಬ್ರೋಮೇಟ್ ಆಗಬಹುದು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಬರೀ 10 ಮೈಕ್ರೋಗ್ರಾಂ. ಒಂದನ್ನು ತೆಗೆಯಲು ಹೋಗಿ ಇನ್ನೊಂದನ್ನು ಹಾಕುವುದು ಬೇಡ ಅಂತ ಬಿಟ್ಟೆವು.

ತೊಂದರೆಗಳೂ ಇವೆ. ರಾಡಿಕಲ್‌ಗೆ ಕಣ್ಣಿಲ್ಲ. ಅಂತರ್ಜಲದಲ್ಲಿ ಧಾರಾಳವಾಗಿರುವ ಬೈಕಾರ್ಬನೇಟನ್ನೂ ಕಚ್ಚಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಕಬ್ಬಿಣದ ಅಂಶ ದೀಪದ ಗಾಜುಕೊಳವೆಯ ಮೇಲೆ ಕೂತು ಬೆಳಕನ್ನು ತಡೆಯುತ್ತದೆ. ಹೀಗಾಗಿ ಕಬ್ಬಿಣ ತೆಗೆಯುವ ಫಿಲ್ಟರ್ ದೀಪಗಳಿಗಿಂತ ಮೊದಲೇ ಬಂದಿದೆ. ಗಾಜು ಒರೆಸುವ ಕೆಲಸವೂ ನಮ್ಮ ಹುಡುಗರ ದಿನಚರಿಗೆ ಸೇರಿದೆ, ಅವರಿಗೆ ಅದೇನೂ ಇಷ್ಟವಾಗಿಲ್ಲ.

ಈ ಯಂತ್ರಕ್ಕೆ ಆಗದ ಕೆಲಸಗಳನ್ನೂ ಹೇಳಿಬಿಡುತ್ತೇವೆ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್, ಗಡಸುತನ ಯಾವುದನ್ನೂ ಇದು ತೆಗೆಯುವುದಿಲ್ಲ. ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಗುಂಪಿಗಂತೂ ಈ ರಾಡಿಕಲ್ ಏನೂ ಮಾಡಲಾರದು ಅಂದರೂ ಸರಿ. ಅಮೆರಿಕದ ಟೂಸಾನ್ ನಗರದಲ್ಲಿ ಡಯಾಕ್ಸೇನ್ ತೆಗೆಯಲೆಂದೇ 2014ರಲ್ಲಿ ಇದೇ ಬಗೆಯ ಘಟಕ ಶುರುವಾಯಿತು. ಅಲ್ಲಿಂದ ಕುಡಿಯಲು ನೀರು ಕೊಡುವುದನ್ನು 2021ರಲ್ಲಿ ನಿಲ್ಲಿಸಬೇಕಾಯಿತು, ಕಾರಣ ಪಿಎಫ್‌ಎಎಸ್. ಅದನ್ನು ಓದಿದ ಮೇಲೆ ನಮ್ಮ ಪರೀಕ್ಷೆಯ ಪಟ್ಟಿ ಮತ್ತೆ ಉದ್ದವಾಯಿತು. ಆದ್ದರಿಂದ ಈ ಸಲ ‘ಇನ್ನು ಚಿಂತೆಯಿಲ್ಲ’ ಅಂತ ಬರೆಯುತ್ತಿಲ್ಲ. ವರದಿಯನ್ನು ತಿಂಗಳಿಗೊಮ್ಮೆ ಕಚೇರಿಯ ಗೋಡೆಗೆ ಹಚ್ಚುತ್ತೇವೆ. ಸಿಕ್ಕಿದ್ದರ ಜೊತೆಗೆ ಏನೇನು ಹುಡುಕಿದೆವು ಎಂಬ ಪಟ್ಟಿಯೂ ಅಲ್ಲಿರುತ್ತದೆ.

ಮೊದಲ ಕೆಲವು ದಿನ ಕ್ಲೋರಿನ್ ವಾಸನೆ ಹೆಚ್ಚುಕಡಿಮೆ ಆಗಬಹುದು. ಇದ್ದಿಲನ್ನೂ ದಾಟಿ ಬಂದ ಪೆರಾಕ್ಸೈಡ್ ಕ್ಲೋರಿನ್ನನ್ನು ತಿನ್ನುವುದರಿಂದ ಪ್ರಮಾಣ ಹೊಂದಿಸಲು ಸಮಯ ಬೇಕು. ದೀಪ ಆರಿದರೆ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನೀರು ಸ್ವಲ್ಪ ಹೊತ್ತು ನಿಲ್ಲಬಹುದು. ಪೈಪು ಒಡೆದಿದೆ ಅಂದುಕೊಳ್ಳಬೇಡಿ. ಘಟಕ ನೋಡಬೇಕೆನಿಸಿದರೆ ಬನ್ನಿ. ಆದರೆ ನೀಲಿ ಬೆಳಕು ಕಾಣುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಹೊರಗಿನಿಂದ ಅದು ಬರೀ ದಪ್ಪ ಸ್ಟೀಲ್ ಪೈಪು.

ಇಂತಿ,
ನಿಮ್ಮ ನೀರು ಸರಬರಾಜು ಸಹಕಾರ ಸಂಘ