ಅವಳ ಮಾತನ್ನು ಯಾರೂ ನಂಬುವುದಿಲ್ಲ

ಗೆಳೆಯರೇ,

ಈ ಸಂಚಿಕೆಯ ಸಿನಿಮಾ ಪುಟಗಳನ್ನು ಪೂರ್ತಿಯಾಗಿ ದೆವ್ವದ ಚಿತ್ರಗಳಿಗೇ ಬಿಟ್ಟುಕೊಡೋಣ ಅಂದಾಗ ಸಮಿತಿಯಲ್ಲಿ ಒಬ್ಬಿಬ್ಬರು ಮುಖ ಸಿಂಡರಿಸಿದರು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ರಕ್ತ, ಕಿರುಚಾಟ ಯಾಕೆ ಅಂತ. ಅವರ ಮಾತು ಪೂರ್ತಿ ತಪ್ಪಲ್ಲ. ಈ ಜಾತಿಯ ಸಿನಿಮಾಗಳಲ್ಲಿ ಕೆಟ್ಟವೇ ಜಾಸ್ತಿ. ಆದರೆ ಒಳ್ಳೆಯವು, ಕೆಟ್ಟವು ಎಲ್ಲವನ್ನೂ ನೋಡುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಹಾಳು ಬಂಗಲೆ, ಬೀಗ ಹಾಕಿದ ಕೋಣೆ, ತಾನಾಗಿ ತೆರೆದುಕೊಳ್ಳುವ ಬಾಗಿಲು ಇವೆಲ್ಲ ಇದ್ದದ್ದೇ. ನಾನು ಹೇಳುತ್ತಿರುವುದು ಇನ್ನೊಂದು. ಯಾರೋ ಒಬ್ಬರಿಗೆ ಅಪಾಯ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತದೆ. ಅವರು ಅದನ್ನು ಹೇಳುತ್ತಾರೆ. ಯಾರೂ ನಂಬುವುದಿಲ್ಲ.

ಗಂಡ ನಂಬುವುದಿಲ್ಲ, ಡಾಕ್ಟರು ನಂಬುವುದಿಲ್ಲ, ಪೊಲೀಸರು ನಗುತ್ತಾರೆ. ಅರ್ಧ ಸಿನಿಮಾ ಇದರಲ್ಲೇ ಕಳೆಯುತ್ತದೆ. ಕಥೆಯನ್ನು ಎಳೆಯಲು ಮಾಡಿದ ಉಪಾಯ ಅನ್ನಬಹುದು. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಮೊದಲ ಹತ್ತು ನಿಮಿಷದಲ್ಲೇ ಎಲ್ಲರೂ ನಂಬಿ ಮನೆ ಖಾಲಿ ಮಾಡಿಬಿಟ್ಟರೆ ಸಿನಿಮಾ ಎಲ್ಲಿರುತ್ತದೆ? ಆದರೆ ಯಾರ ಮಾತನ್ನು ನಂಬುವುದಿಲ್ಲ ಅನ್ನುವುದನ್ನು ಸ್ವಲ್ಪ ಗಮನಿಸಿ. ಹೆಂಗಸರು, ಮಕ್ಕಳು, ಮನೆಕೆಲಸದವರು, ಬೇರೆ ಬಣ್ಣದವರು, ಹಿಂದೊಮ್ಮೆ ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಂಡವರು. ಆಯಾ ಕಾಲದಲ್ಲಿ ಯಾರ ಮಾತಿಗೆ ಬೆಲೆ ಇರಲಿಲ್ಲವೋ ಅವರೇ ಇಲ್ಲಿ ಸಾಲಾಗಿ ನಿಂತಿರುತ್ತಾರೆ.

1968ರ ‘ರೋಸ್‌ಮರೀಸ್ ಬೇಬಿ’ ನೋಡಿದವರಿಗೆ ಆ ಡಾಕ್ಟರ ದೃಶ್ಯ ನೆನಪಿರಬಹುದು. ರೋಸ್‌ಮರಿ ಬಸುರಿ. ಹೊಟ್ಟೆನೋವು ನಿಲ್ಲುತ್ತಿಲ್ಲ, ದಿನದಿಂದ ದಿನಕ್ಕೆ ಸೊರಗುತ್ತಿದ್ದಾಳೆ. ನೆರೆಯವರು ಸೈತಾನನ ಆರಾಧಕರು, ಗಂಡನೂ ಅವರ ಜೊತೆ ಸೇರಿದ್ದಾನೆ. ಅವರು ಗೊತ್ತು ಮಾಡಿಕೊಟ್ಟ, ಅವರ ಕಡೆಯವರೇ ಆದ ದೊಡ್ಡ ಡಾಕ್ಟರು ‘ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ’ ಅನ್ನುತ್ತಾರೆ. ಕೊನೆಗೆ ಅವಳು ತಪ್ಪಿಸಿಕೊಂಡು ಇನ್ನೊಬ್ಬ ಯುವ ಡಾಕ್ಟರ ಬಳಿ ಓಡುತ್ತಾಳೆ. ಆತ ಸಮಾಧಾನದಿಂದ ಎಲ್ಲ ಕೇಳಿಸಿಕೊಳ್ಳುತ್ತಾನೆ. ಮಲಗಿ ಸುಧಾರಿಸಿಕೊಳ್ಳಿ ಅನ್ನುತ್ತಾನೆ. ಅವಳು ನಿರಾಳವಾಗಿ ಕಣ್ಣು ಮುಚ್ಚುತ್ತಾಳೆ. ಆತ ಹೊರಗೆ ಹೋಗಿ ಅವಳ ಗಂಡನಿಗೂ ಆ ದೊಡ್ಡ ಡಾಕ್ಟರಿಗೂ ಫೋನ್ ಮಾಡುತ್ತಾನೆ!

ಇಡೀ ಚಿತ್ರದಲ್ಲಿ ನನಗೆ ಅತಿ ಭಯ ಹುಟ್ಟಿಸಿದ್ದು ಇದೇ ದೃಶ್ಯ. ಅದರಲ್ಲಿ ಸೈತಾನನೂ ಇಲ್ಲ, ಕತ್ತಲೆಯೂ ಇಲ್ಲ. ಆ ಯುವಕ ಕೆಟ್ಟವನೂ ಅಲ್ಲ. ಹೆಂಡತಿಗೆ ಹುಷಾರಿಲ್ಲದಿದ್ದರೆ ಗಂಡನಿಗೆ ತಿಳಿಸಬೇಕು, ಹಿರಿಯ ಡಾಕ್ಟರಿಗೆ ಮರ್ಯಾದೆ ಕೊಡಬೇಕು, ಅಷ್ಟೇ ಅವನ ಲೆಕ್ಕ. ಒಳ್ಳೆಯ ನಡತೆಯವರೇ ಅವಳನ್ನು ವಾಪಸ್ ಒಪ್ಪಿಸುತ್ತಾರೆ.

‘ದಿ ಇನ್‌ವಿಸಿಬಲ್ ಮ್ಯಾನ್’ ಎಂಬ ಹೆಸರಿನಲ್ಲಿ 1933ರಲ್ಲಿ ಒಂದು ಚಿತ್ರ ಬಂದಿತ್ತು. ಅದರಲ್ಲಿ ಕಥೆ ಮಾಯವಾಗುವ ವಿಜ್ಞಾನಿಯ ಸುತ್ತ ಸುತ್ತುತ್ತದೆ. ಅವನ ಅಹಂಕಾರ, ಅವನ ಹುಚ್ಚು, ಅವನ ಸಾವು. 2020ರಲ್ಲಿ ಅದೇ ಹೆಸರಿನ ಹೊಸ ಚಿತ್ರ ಬಂದಾಗ ಕ್ಯಾಮೆರಾ ಬೇರೆ ಕಡೆಗೆ ತಿರುಗಿತ್ತು. ಹೊಡೆದು ಬಡಿದು ಹಿಡಿತದಲ್ಲಿಟ್ಟುಕೊಂಡ ಗಂಡಸಿನಿಂದ ರಾತ್ರೋರಾತ್ರಿ ಓಡಿಹೋಗುವ ಹೆಂಗಸೇ ಇಲ್ಲಿ ಮುಖ್ಯ. ಅವನು ಸತ್ತ ಅಂತ ಸುದ್ದಿ ಬರುತ್ತದೆ. ಇಲ್ಲ, ಅವನು ಇಲ್ಲೇ ಇದ್ದಾನೆ ಅನ್ನುತ್ತಾಳೆ ಅವಳು. ಕಾಣದವನನ್ನು ತೋರಿಸುವುದು ಹೇಗೆ? ಕ್ಯಾಮೆರಾ ಖಾಲಿ ಮೂಲೆಯ ಮೇಲೆ, ಖಾಲಿ ಕುರ್ಚಿಯ ಮೇಲೆ ಸುಮ್ನೆ ನಿಂತುಬಿಡುತ್ತದೆ. ಅಲ್ಲಿ ಏನೂ ಇಲ್ಲ, ಆದರೂ ನಾವು ಉಸಿರು ಬಿಗಿಹಿಡಿದು ನೋಡುತ್ತೇವೆ. ಅವಳ ಸ್ವಂತ ತಂಗಿಗೂ ಬಾರದ ನಂಬಿಕೆ ನಮಗೆ ಬಂದಿರುತ್ತದೆ. ಈ ಜಾತಿಯ ಸಿನಿಮಾದ ಕಸುಬು ಇರುವುದೇ ಇಲ್ಲಿ. ಪಾತ್ರಗಳು ಒಪ್ಪದ ಮಾತನ್ನು ನೋಡುವವರು ಒಪ್ಪಬೇಕು.

ನಿರ್ಮಾಪಕರಿಗೆ ಇದು ಯಾವಾಗಲೂ ಇಷ್ಟವಾಗಿದೆ ಅಂತಲ್ಲ. 1920ರ ಜರ್ಮನ್ ಮೂಕಿ ಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ಯನ್ನೇ ತೆಗೆದುಕೊಳ್ಳಿ. ಒಬ್ಬ ಡಾಕ್ಟರು ನಿದ್ದೆಯಲ್ಲಿ ನಡೆಯುವವನ ಕೈಯಲ್ಲಿ ಕೊಲೆ ಮಾಡಿಸುತ್ತಾನೆ. ಯುವಕನೊಬ್ಬ ಅದನ್ನು ಬಯಲು ಮಾಡುತ್ತಾನೆ. ಕೊನೆಗೆ ನೋಡಿದರೆ ಕಥೆ ಹೇಳಿದ ಆ ಯುವಕನೇ ಹುಚ್ಚಾಸ್ಪತ್ರೆಯ ರೋಗಿ, ಆ ಡಾಕ್ಟರೇ ಅಲ್ಲಿನ ಮುಖ್ಯಸ್ಥ! ಇಷ್ಟು ಹೊತ್ತು ನಂಬಿದವರ ಗತಿ ಏನು?

1956ರ ‘ಇನ್‌ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ನಲ್ಲಿ ಇದರ ಉಲ್ಟಾ ಆಯಿತು. ಊರಿನ ಜನರ ಜಾಗಕ್ಕೆ ಒಬ್ಬೊಬ್ಬರಾಗಿ ಅವರದೇ ರೂಪದ, ಆದರೆ ಭಾವನೆಯೇ ಇಲ್ಲದ ಬೇರೆ ಜೀವಿಗಳು ಬಂದು ಕೂರುತ್ತವೆ. ಇದು ಆಗಿನ ಅಮೆರಿಕದಲ್ಲಿದ್ದ ಕಮ್ಯುನಿಸ್ಟರ ಭಯ ಅಂತ ಕೆಲವರು ಓದಿದರು. ಕಮ್ಯುನಿಸ್ಟರನ್ನು ಹುಡುಕಲು ಹೊರಟವರ ಭಯ ಅಂತ ಇನ್ನು ಕೆಲವರು ಓದಿದರು. ಎರಡೂ ಹೊಂದುತ್ತವೆ. ಚಿತ್ರ ಮೊದಲು ಮುಗಿಯಬೇಕಿದ್ದದ್ದು ಹೆದ್ದಾರಿಯಲ್ಲಿ. ನಾಯಕ ಕಾರುಗಳ ನಡುವೆ ನಿಂತು ಕೂಗುತ್ತಾನೆ, ಯಾರೂ ನಿಲ್ಲಿಸುವುದಿಲ್ಲ. ಸ್ಟುಡಿಯೋ ಒಪ್ಪಲಿಲ್ಲ. ಹಿಂದೆ ಮುಂದೆ ಆಸ್ಪತ್ರೆಯ ದೃಶ್ಯ ಸೇರಿಸಿ, ಕೊನೆಗೆ ಡಾಕ್ಟರು ನಂಬಿ ಎಫ್‌ಬಿಐಗೆ ಫೋನ್ ಮಾಡುವ ಹಾಗೆ ಮಾಡಿದರು. ನೋಡಿದವರಿಗೆ ನೆನಪಿನಲ್ಲಿ ಉಳಿದಿರುವುದು ಮಾತ್ರ ಆ ಹೆದ್ದಾರಿ.

‘ಗಾಡ್ಜಿಲ್ಲಾ’ ಅಂದರೆ ಈಗ ಮಕ್ಕಳ ಆಟಿಕೆ. 1954ರಲ್ಲಿ ಹಾಗಿರಲಿಲ್ಲ. ಆ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪಗಳಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅದರ ಬೂದಿ ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯ ಮೇಲೆ ಬಿತ್ತು. ಅದರಲ್ಲಿದ್ದ 23 ಜನರಿಗೂ ವಿಕಿರಣದ ಕಾಯಿಲೆ ಬಂತು, ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ತೆರೆಗೆ ಬಂದ ಚಿತ್ರ ಶುರುವಾಗುವುದೇ ಸಮುದ್ರದಲ್ಲಿ ಬೆಳಕು ಮಿಂಚಿ ಹಡಗೊಂದು ಉರಿದುಹೋಗುವುದರಿಂದ. ಜಪಾನಿನ ಪ್ರೇಕ್ಷಕರಿಗೆ ವಿವರಣೆ ಬೇಕಿರಲಿಲ್ಲ. 1956ರಲ್ಲಿ ಅದು ಅಮೆರಿಕಕ್ಕೆ ಹೋದಾಗ ಏನಾಯಿತು ಗೊತ್ತೇ? ಬಾಂಬಿನ ಬಗ್ಗೆ ಇದ್ದ ಮಾತುಗಳಲ್ಲಿ ಬಹಳಷ್ಟಕ್ಕೆ ಕತ್ತರಿ ಬಿತ್ತು. ಅಮೆರಿಕದ ಪತ್ರಕರ್ತನೊಬ್ಬನ ಪಾತ್ರವನ್ನು ಹೊಸದಾಗಿ ಚಿತ್ರಿಸಿ ತುರುಕಿದರು. ಪೆಟ್ಟು ತಿಂದವರ ಕಥೆಯನ್ನು ಇನ್ನೊಬ್ಬ ಹೇಳತೊಡಗಿದ.

ಕೆಲವು ಕಡೆ ನಂಬದಿರುವುದಕ್ಕೆ ಕಾರಣ ಬರೀ ದುಡ್ಡು. ‘ಜಾಸ್’ (1975) ಚಿತ್ರದ ಮೇಯರ್‌ಗೆ ಶಾರ್ಕ್ ಇರುವುದು ಗೊತ್ತಿಲ್ಲ ಅಂತಲ್ಲ, ಬೇಸಿಗೆಯ ವ್ಯಾಪಾರ ಹಾಳಾಗಬಾರದು ಅಷ್ಟೇ. ‘ಏಲಿಯನ್ಸ್’ (1986) ಚಿತ್ರದ ರಿಪ್ಲಿ 57 ವರ್ಷ ಬಾಹ್ಯಾಕಾಶದಲ್ಲಿ ತೇಲಿ ಬಂದು, ಬೇರೆ ಲೋಕದ ಜೀವಿಯೊಂದು ತನ್ನ ಹಡಗಿನವರನ್ನು ಕೊಂದದ್ದನ್ನು ಹೇಳಿದರೆ, ಕಂಪನಿಯ ವಿಚಾರಣೆಯಲ್ಲಿ ಹಡಗು ನಡೆಸುವ ಅವಳ ಲೈಸೆನ್ಸೇ ಹೋಗುತ್ತದೆ.

ಇನ್ನು ನಮ್ಮವರೆಲ್ಲ ನೋಡಿರುವ ‘ಆಪ್ತಮಿತ್ರ’. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಇದರ ಮೂಲ. ಕನ್ನಡಕ್ಕೆ 2004ರಲ್ಲಿ ಬಂತು, ಆಮೇಲೆ ತಮಿಳಿಗೆ, ಹಿಂದಿಗೆ. ಇಲ್ಲಿ ಒಂದು ತಮಾಷೆ ಇದೆ. ಮನೆಯವರು ನಂಬದೇ ಇರುವವರಲ್ಲ, ನಂಬಲು ತುದಿಗಾಲಲ್ಲಿ ನಿಂತವರು. ಅನುಮಾನ ಮೊದಲು ಬೀಳುವುದು ಮನೆಯ ಇನ್ನೊಬ್ಬ ಹುಡುಗಿಯ ಮೇಲೆ. ಅವಳಿಗೇ ತಲೆ ಕೆಟ್ಟಿದೆ ಅನ್ನುವುದು ಎಲ್ಲರಿಗೂ ಸುಲಭ. ಮೂಲದಲ್ಲಿ ಆ ಪಾತ್ರ ಮಾಡಿದವರು ನಮ್ಮ ವಿನಯಾ ಪ್ರಸಾದ್. ನಗುನಗುತ್ತಾ ಓಡಾಡುವ ಮನೆಯ ಸೊಸೆ ಗಂಗಾಳನ್ನು ಯಾರೂ ಶಂಕಿಸುವುದಿಲ್ಲ.

ಡಾಕ್ಟರು ಬಂದು ಇದು ದೆವ್ವ ಅಲ್ಲ, ಮನಸ್ಸಿನ ಕಾಯಿಲೆ ಅನ್ನುತ್ತಾರೆ. ವಿಜ್ಞಾನ ಗೆದ್ದಿತು ಅಂತ ಚಪ್ಪಾಳೆ ತಟ್ಟುವವರು ಚಿಕಿತ್ಸೆಯನ್ನು ಇನ್ನೊಮ್ಮೆ ನೋಡಬೇಕು. ಗಂಗಾ ತಾನೇ ಅವಳು ಅಂದುಕೊಳ್ಳುವ ಹಳೆಯ ಕಾಲದ ನರ್ತಕಿ ನಾಗವಲ್ಲಿಯನ್ನು ಸುಳ್ಳು ಅಂತ ಓಡಿಸುವುದಿಲ್ಲ ಅಲ್ಲಿ. ರಾಜ ಅವಳನ್ನು ಹಿಡಿದು ತಂದ, ಅವಳ ಪ್ರಿಯಕರನನ್ನು ಕೊಂದ, ಅವಳನ್ನೂ ಕೊಂದ. ಆ ದೂರನ್ನು ಡಾಕ್ಟರು ಅಕ್ಷರಶಃ ಸ್ವೀಕರಿಸುತ್ತಾರೆ. ಸೇಡು ತೀರಿಸಿಕೊಳ್ಳಲು ರಾಜನ ಬದಲು ಒಂದು ಬೊಂಬೆಯನ್ನೇ ಒದಗಿಸುತ್ತಾರೆ. ಎಂದೋ ಸತ್ತ ನರ್ತಕಿಯ ಅಹವಾಲಿಗೆ ಕಿವಿ ಕೊಟ್ಟ ಮೇಲೆಯೇ ಗಂಗಾಳಿಗೆ ವಾಸಿಯಾಗುವುದು. ಹಾಡು, ಕಾಮಿಡಿ, ಹಾವು ಎಲ್ಲದರ ನಡುವೆ ಈ ಮಾತು ಎಷ್ಟು ಜನರಿಗೆ ಕೇಳಿಸಿತೋ!

ಕೊನೆಯದಾಗಿ ಎರಡು ಚಿತ್ರಗಳು. ಮೊದಲನೆಯದು 1968ರದೇ, ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಈಗಿನ ಜಾಂಬಿ ಚಿತ್ರಗಳ ತಾಯಿಬೇರು. ಎದ್ದು ಬಂದ ಹೆಣಗಳ ನಡುವೆ ರಾತ್ರಿಯಿಡೀ ಧೈರ್ಯದಿಂದ ಹೋರಾಡುವ ಬೆನ್ ಕಪ್ಪು ವರ್ಣದವನು. ನಟ ಡುವೇನ್ ಜೋನ್ಸ್ ಅವರನ್ನು ಆರಿಸಿದ್ದು ಎಲ್ಲರಿಗಿಂತ ಚೆನ್ನಾಗಿ ಆಡಿಷನ್ ಕೊಟ್ಟರು ಅಂತ ಮಾತ್ರ ಎಂದು ನಿರ್ದೇಶಕ ರೊಮೆರೊ ಹೇಳುತ್ತಿದ್ದರು. ಇರಬಹುದು. ಆದರೆ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷವೇ ಜನ ಇದನ್ನು ನೋಡಿದ್ದು. ಬೆಳಗಾಗುತ್ತದೆ, ಬೆನ್ ಬದುಕಿ ಕಿಟಕಿಯ ಬಳಿ ಬರುತ್ತಾನೆ. ರಕ್ಷಿಸಲು ಬಂದ ಬಿಳಿಯರ ಗುಂಪು ಅವನನ್ನೂ ಹೆಣ ಅಂದುಕೊಂಡು ಗುಂಡು ಹಾರಿಸುತ್ತದೆ. ಅವನಿಗೆ ಒಂದು ಮಾತು ಆಡುವ ಅವಕಾಶವೂ ಸಿಗುವುದಿಲ್ಲ.

ಎರಡನೆಯದು 2017ರ ‘ಗೆಟ್ ಔಟ್’. ಕಪ್ಪು ವರ್ಣದ ನಾಯಕ ಬಿಳಿಯರ ಕುಟುಂಬವೊಂದರ ಕೈಯಿಂದ ಪಾರಾಗುತ್ತಾನೆ, ಚಿತ್ರ ಮುಗಿಯುವಾಗ ಪೊಲೀಸ್ ಕಾರಿನಂಥ ದೀಪ ಕಾಣಿಸುತ್ತದೆ. ಬೇರೆ ಚಿತ್ರಗಳಲ್ಲಿ ಅದು ಸಮಾಧಾನ, ಇಲ್ಲಿ ಎದೆ ಧಸಕ್ಕೆನ್ನುತ್ತದೆ. ಮೊದಲು ಚಿತ್ರಿಸಿದ್ದ ಅಂತ್ಯದಲ್ಲಿ ಪೊಲೀಸರು ನಾಯಕನನ್ನೇ ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ನಿರ್ದೇಶಕ ಜೋರ್ಡನ್ ಪೀಲ್ ಅದನ್ನು ಬದಲಿಸಿದರು. ಕಾರಿನಿಂದ ಇಳಿಯುವುದು ನಾಯಕನ ಗೆಳೆಯ, ಇಡೀ ಚಿತ್ರದಲ್ಲಿ ಅವನ ಮಾತು ನಂಬಿದ್ದ ಒಬ್ಬನೇ ಮನುಷ್ಯ. ಪ್ರೇಕ್ಷಕರು ಚಪ್ಪಾಳೆ ಹೊಡೆದದ್ದು ಸುಮ್ನೆ ಅಲ್ಲ.

ಒಂದು ಸಣ್ಣ ಸೂಚನೆ. 1968ರ ಆ ಜಾಂಬಿ ಚಿತ್ರದ ಹೆಸರು ಬದಲಿಸುವಾಗ ಪ್ರತಿಯ ಮೇಲೆ ಹಕ್ಕುಸ್ವಾಮ್ಯದ ಸಾಲು ಹಾಕುವುದನ್ನೇ ಮರೆತರು. ಅದರಿಂದಾಗಿ ಅಮೆರಿಕದಲ್ಲಿ ಅದು ಎಲ್ಲರ ಸೊತ್ತಾಯಿತು, ಯಾರು ಬೇಕಾದರೂ ತೋರಿಸಬಹುದು. ಸಂಘದ ಮುಂದಿನ ಸಿನಿಮಾ ಸಂಜೆಗೆ ನನ್ನ ಓಟು ಅದಕ್ಕೇ. ಬೇಡ ಅನ್ನುವವರು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಮಕ್ಕಳನ್ನು ಮಾತ್ರ ಕರೆದುಕೊಂಡು ಬರಬೇಡಿ.

— ಸಂಪಾದಕ