ಕುಗ್ಗಿದ ಸ್ವೆಟರ್: ಎಳೆಯುವ ಮೊದಲು ಎಳೆ ಯಾವುದೆಂದು ನೋಡಿ

ಮಾನ್ಯ ಸಂಪಾದಕರೇ,

ಒಗೆದು ಕುಗ್ಗಿಹೋದ ಸ್ವೆಟರನ್ನು ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ ಬಲವಾಗಿ ಎಳೆದರೆ ಮೊದಲಿನ ಅಳತೆಗೆ ಬರುತ್ತದೆ ಎಂಬ ನಾಲ್ಕು ಸಾಲಿನ ಸಲಹೆಯೊಂದು ಕಳೆದ ವಾರ ತಮ್ಮ ಪತ್ರಿಕೆಯ ಮನೆವಾರ್ತೆಯ ಪುಟದಲ್ಲಿ ಪ್ರಕಟವಾಗಿತ್ತು. ಡೆಂಕಣಿಕೋಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಚಳಿಗಾಲ ಬಂದರೆ ಹೆಣಿಗೆಯ ಕೆಲಸವನ್ನೂ ಮಾಡುವ ನನ್ನ ಬಳಿಗೆ, ಅದರಂತೆಯೇ ಮಾಡಿ ನೋಡಿದ ಇಬ್ಬರು ತಮ್ಮ ಸ್ವೆಟರುಗಳನ್ನು ತಂದಿದ್ದರು. ಒಂದು ಕಂಕುಳಿನ ಬಳಿ ಹರಿದಿತ್ತು. ಇನ್ನೊಂದು ಮೊದಲಿಗಿಂತಲೂ ಚಿಕ್ಕದಾಗಿ, ಗಟ್ಟಿಯಾಗಿ, ಕಂಬಳಿಯ ತುಂಡಿನಂತಾಗಿತ್ತು. ಸಲಹೆ ಬರೆದವರ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಬಟ್ಟೆ ಯಾವ ಎಳೆಯದು ಎಂಬ ಒಂದು ಮಾತನ್ನು ಅವರು ಬಿಟ್ಟಿದ್ದಾರೆ, ಉಳಿದದ್ದೆಲ್ಲವೂ ಆ ಮಾತನ್ನೇ ಅವಲಂಬಿಸಿದೆ.

ನಮ್ಮ ತಳಿ, ಡೆಂಕಣಿಕೋಟೆ ಊರುಗಳ ಕಡೆ ಡಿಸೆಂಬರ್, ಜನವರಿಯಲ್ಲಿ ಸ್ವೆಟರ್ ಹಾಕದೆ ಬೆಳಗಿನ ಬಸ್ಸು ಹಿಡಿಯುವವರು ಕಡಿಮೆ. ಮನೆಯ ಒಂದೇ ಟ್ರಂಕಿನಲ್ಲಿ ಟಿಬೆಟಿಯನ್ನರು ಲೂಧಿಯಾನದಿಂದ ತಂದು ಮಾರುವ ಸ್ವೆಟರು, ತಿರುಪ್ಪೂರಿನ ಹತ್ತಿಯ ಬನಿಯನ್ ಬಟ್ಟೆ, ಮನೆಯವರೇ ಕಡ್ಡಿಯಲ್ಲಿ ಹೆಣೆದ ಉಣ್ಣೆಯ ಸ್ವೆಟರು, ಎಲ್ಲವೂ ಇರುತ್ತವೆ. ಮೊದಲನೆಯದನ್ನೂ ನಾವು ಉಣ್ಣೆಯೆಂದೇ ಕರೆಯುತ್ತೇವೆ. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ಎಂಬ ಕೃತಕ ಎಳೆಯವು. ಎಳೆ ಯಾವುದೆಂದು ತಿಳಿಸುವ ಚೀಟಿ ಕಿತ್ತುಹೋಗಿದ್ದರೆ, ಒಳಹೊಲಿಗೆಯಲ್ಲಿ ಚಾಚಿಕೊಂಡಿರುವ ಎಳೆಯೊಂದರ ತುದಿಯನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ.

ಉಣ್ಣೆಯೇ ಎಂದು ಖಚಿತವಾದರೆ, ಅದು ಕುಗ್ಗಿದ್ದು ಹೇಗೆ ಎಂಬುದನ್ನು ತಿಳಿಯಬೇಕು. ಉಣ್ಣೆಯ ಪ್ರತಿಯೊಂದು ಕೂದಲಿನ ಮೇಲೂ ಸೂರಿನ ಹೆಂಚಿನಂತೆ ಒಂದರ ಮೇಲೊಂದು ಕವಿದ ಸೂಕ್ಷ್ಮವಾದ ಪೊರೆಗಳಿವೆ, ಅವೆಲ್ಲವೂ ಕೂದಲಿನ ತುದಿಯ ಕಡೆಗೇ ಬಾಗಿವೆ. ಬಿಸಿನೀರು ಮತ್ತು ಸೋಪಿನ ಕ್ಷಾರಕ್ಕೆ ಈ ಪೊರೆಗಳು ಮೇಲೆದ್ದಿರುವಾಗ ಬಟ್ಟೆಯನ್ನು ತಿಕ್ಕಿದರೆ ಅಥವಾ ವಾಷಿಂಗ್ ಮೆಷಿನ್ನಿನಲ್ಲಿ ತಿರುಗಿಸಿದರೆ, ಹೊಲದಲ್ಲಿ ಸೀರೆಗೆ ಸಿಕ್ಕಿದ ಹುಲ್ಲಿನ ಊಬು ಹೆಜ್ಜೆ ಹೆಜ್ಜೆಗೂ ಮುಂದಕ್ಕೆ ಹೋಗುವುದೇ ಹೊರತು ಹಿಂದಕ್ಕೆ ಬಾರದಂತೆ, ಕೂದಲುಗಳು ಬುಡದ ದಿಕ್ಕಿಗೆ ಜಾರುತ್ತಾ ಹೋಗಿ ಒಂದರೊಳಗೊಂದು ಸಿಕ್ಕಿಕೊಂಡು ಜಡೆಗಟ್ಟುತ್ತವೆ. ಕಾಶ್ಮೀರದವರು ಮಗ್ಗವೇ ಇಲ್ಲದೆ ನಮ್ದಾ ಎಂಬ ನೆಲಹಾಸನ್ನು ಮಾಡುವುದು ಉಣ್ಣೆಯ ಇದೇ ಗುಣದಿಂದ. ಅವರಿಗೆ ಬೇಕಾದದ್ದು ನಮಗೆ ಬೇಡವಾದದ್ದು, ಅಷ್ಟೇ ವ್ಯತ್ಯಾಸ.

ಆದ್ದರಿಂದ ಕುಗ್ಗಿದ ಸ್ವೆಟರನ್ನು ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಹೆಣಿಗೆಯ ಕುಣಿಕೆಗಳು ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿದ್ದು, ನಡುವೆ ಬೆಳಕು ತೂರುತ್ತಿದ್ದರೆ ಪ್ರಯತ್ನಕ್ಕೆ ಅರ್ಥವಿದೆ. ಕುಣಿಕೆ ಎಣಿಸಲಾಗದಂತೆ ಮೇಲ್ಮೈ ಮುಚ್ಚಿಹೋಗಿದ್ದರೆ ಅದನ್ನು ಯಾವ ವಿನೆಗರೂ ಹಿಗ್ಗಿಸಲಾರದು. ಜಡೆಗಟ್ಟಿದ ತಲೆಯನ್ನು ಬಾಚಬಹುದು, ಜಡೆಗಟ್ಟಿದ ಬಟ್ಟೆಯನ್ನು ಬಾಚಲು ಬರುವುದಿಲ್ಲ.

ಪ್ರಯತ್ನಿಸಬಹುದಾದ ಸ್ವೆಟರಿಗೆ ನಾನು ಮಾಡುವ ಕ್ರಮ ಹೀಗಿದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್, ಎಂದರೆ ಕೈಗೆ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ, 5 ಲೀಟರ್ ನೀರಿಗೆ ತಲೆಗೂದಲಿಗೆ ಹಚ್ಚುವ ಕಂಡೀಷನರನ್ನು ಎರಡು ಮೂರು ಚಮಚ ಕದಡಿ, ಸ್ವೆಟರನ್ನು ಅದರಲ್ಲಿ ಅರ್ಧ ಗಂಟೆ ತಿಕ್ಕದೆ, ತಿರುವದೆ ಮುಳುಗಿಸಿಡುತ್ತೇನೆ. ಉಣ್ಣೆಯೂ ಕೂದಲೇ ಆದ್ದರಿಂದ ಕಂಡೀಷನರಿನ ಅಂಶ ಅದಕ್ಕೆ ಅಂಟಿ ಎಳೆಗಳನ್ನು ನುಣುಪು ಮಾಡುತ್ತದೆ, ಅವು ಒಂದರ ಮೇಲೊಂದು ಜಾರುವುದು ಸ್ವಲ್ಪ ಸುಲಭವಾಗುತ್ತದೆ. ಅನಂತರ ಹಿಂಡದೆ, ದಪ್ಪ ಟವೆಲಿನ ಮೇಲೆ ಹರಡಿ, ಚಾಪೆ ಸುತ್ತುವಂತೆ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ಒದ್ದೆ ಉಣ್ಣೆ ಹೆಚ್ಚು ಹಿಗ್ಗುತ್ತದೆ, ಆದರೆ ಅದರ ಬಲ ಒಣ ಉಣ್ಣೆಗಿಂತ ಕಡಿಮೆ. ಕಂಕುಳು ಹರಿದದ್ದು ಈ ಸಂಗತಿಯನ್ನು ಮರೆತು ಎಳೆದುದರಿಂದಲೇ.

ಒಣ ಟವೆಲಿನ ಮೇಲೆ ಸ್ವೆಟರನ್ನು ಮಲಗಿಸಿ, ಚೆನ್ನಾಗಿ ಹೊಂದುವ ಇನ್ನೊಂದು ಸ್ವೆಟರಿನ ಎದೆ, ತೋಳು, ಉದ್ದದ ಅಳತೆಯನ್ನು ಟೇಪಿನಲ್ಲಿ ನೋಡಿಕೊಂಡು, ಒಂದು ಕಡೆ ಹಿಡಿದು ಜಗ್ಗದೆ, ಎರಡೂ ಅಂಗೈಗಳನ್ನು ಅಗಲಿಸುತ್ತಾ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಅಂಚನ್ನು ಟವೆಲಿಗೆ ಸಿಕ್ಕಿಸಬೇಕು. ಅರ್ಧ ಒಣಗಿದಾಗ ಸೂಜಿಗಳನ್ನು ಮತ್ತೊಮ್ಮೆ ಸರಿಸಬೇಕು. ನೆರಳಿನಲ್ಲಿ, ಮಲಗಿಸಿಯೇ ಪೂರ್ಣ ಒಣಗಿಸಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಜೋತು ಉದ್ದವಾಗುತ್ತದೆ, ಎದೆ ಮಾತ್ರ ಇದ್ದಷ್ಟೇ ಉಳಿಯುತ್ತದೆ. 38 ಅಂಗುಲದ ಎದೆಯಳತೆ 34ಕ್ಕೆ ಇಳಿದಿದ್ದ ಒಂದು ಸ್ವೆಟರನ್ನು ನಾನು ಮೂರು ಸಲ ಹೀಗೆ ಮಾಡಿ 36ಕ್ಕೆ ತಂದಿದ್ದೇನೆ. 38 ಆಗಲಿಲ್ಲ. ಅಕ್ಕಪಕ್ಕದ ಹೊಲಿಗೆ ಬಿಚ್ಚಿ ಎರಡು ಪಟ್ಟಿ ಹೆಣೆದು ಕೂಡಿಸಿದ ಮೇಲೆಯೇ ಅದರ ಯಜಮಾನರು ಗುಂಡಿ ಹಾಕಿಕೊಂಡರು.

ಹತ್ತಿಯ ಹೆಣಿಗೆ ಬಟ್ಟೆಯ ಕಥೆ ಬೇರೆ. ಅಲ್ಲಿ ಎಳೆ ಜಡೆಗಟ್ಟುವುದಿಲ್ಲ. ಕಾರ್ಖಾನೆಯಲ್ಲಿ ಉದ್ದಕ್ಕೆ ಎಳೆಸಿಕೊಂಡಿದ್ದ ಕುಣಿಕೆ ನೀರು ಬಿದ್ದೊಡನೆ ಸಡಿಲಗೊಂಡು ತನ್ನ ಸಹಜ ಆಕಾರಕ್ಕೆ ಮರಳುತ್ತದೆ, ಆದ್ದರಿಂದಲೇ ಟೀ ಶರ್ಟಿನ ಉದ್ದ ತಗ್ಗಿದಾಗ ಅಗಲ ಕೆಲವೊಮ್ಮೆ ಹೆಚ್ಚಿರುತ್ತದೆ. ಒದ್ದೆಯಿರುವಾಗ ಉದ್ದಕ್ಕೆ ಎಳೆದು ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ, ಮುಂದಿನ ಒಗೆತಕ್ಕೆ ಬಹುಪಾಲು ಮತ್ತೆ ತಗ್ಗುತ್ತದೆ. ಅಕ್ರಿಲಿಕ್ಕಿಗಂತೂ ಬಿಸಿಯೇ ಶತ್ರು. ಕುದಿನೀರು ಅಥವಾ ಕಾದ ಇಸ್ತ್ರಿ ತಗುಲಿದರೆ ಅದರ ಉಬ್ಬು ಸತ್ತು ಬಟ್ಟೆ ಜೋಲುಬೀಳುತ್ತದೆ, ಅದು ಮತ್ತೆ ಏಳುವುದಿಲ್ಲ. ತಮ್ಮಲ್ಲಿ ಬಂದ ಸಲಹೆಯ ಬಿಸಿನೀರು ಹೀಗೆ ಉಣ್ಣೆಗೂ ಕೇಡು, ಅಕ್ರಿಲಿಕ್ಕಿಗೂ ಕೇಡು. ವಿನೆಗರಿಗೆ ಒಂದು ಸಣ್ಣ ಉಪಯೋಗವಿದೆ: ಕೊನೆಯ ತಣ್ಣೀರಿಗೆ ಒಂದು ಚಮಚ ಹಾಕಿದರೆ ಉಣ್ಣೆಯಲ್ಲಿ ಉಳಿದ ಸೋಪಿನ ಕ್ಷಾರ ಕಳೆಯುತ್ತದೆ. ಹಿಗ್ಗಿಸುವ ಶಕ್ತಿ ಅದಕ್ಕಿಲ್ಲ.

ಕುಗ್ಗದಂತೆ ಒಗೆಯುವುದೇನೂ ಕಷ್ಟವಲ್ಲ. ಸಾಮಾನ್ಯ ಸೋಪಿನ ಪುಡಿ ಕ್ಷಾರದ್ದು. ಅನೇಕ ಪುಡಿಗಳಲ್ಲಿ ರಕ್ತ, ಹಾಲಿನಂತಹ ಕಲೆಯನ್ನು ತಿನ್ನಲೆಂದು ಸೇರಿಸಿದ ಕಿಣ್ವಗಳಿರುತ್ತವೆ, ಉಣ್ಣೆಯೂ ಪ್ರೋಟೀನೇ ಆದ್ದರಿಂದ ಅವು ಅದನ್ನೂ ಬಿಡುವುದಿಲ್ಲ. ಅಂಟವಾಳದ ನೊರೆ ಇದಕ್ಕಿಂತ ಮೃದು. ಚೀಟಿಯಲ್ಲಿ ನೀರಿನ ತೊಟ್ಟಿಯೊಳಗೆ ಕೈಯ ಚಿತ್ರವಿದ್ದರೆ ಕೈಯಲ್ಲೇ ಒಗೆಯಬೇಕೆಂದೂ, ತೊಟ್ಟಿಯ ಮೇಲೆ ಗುಣಾಕಾರದ ಗುರುತಿನಂತೆ ಎರಡು ಗೆರೆ ಎಳೆದಿದ್ದರೆ ನೀರಿಗೆ ಹಾಕಬಾರದೆಂದೂ ಅರ್ಥ. ಈ ಚಿಹ್ನೆಗಳನ್ನು ಓದಲು ಯಾವ ಭಾಷೆಯೂ ಬೇಡ, ಹೇಳಿಕೊಡುವವರು ಬೇಕು. ತಮ್ಮ ಮನೆವಾರ್ತೆಯ ಪುಟ ಅದಕ್ಕೆ ತಕ್ಕ ಜಾಗ. ಮುಂದೆ ಬಟ್ಟೆಯ ಬಗ್ಗೆ ಸಲಹೆ ಪ್ರಕಟಿಸುವಾಗ ಅದು ಯಾವ ಎಳೆಗೆ ಅನ್ವಯಿಸುತ್ತದೆ ಎಂಬುದನ್ನು ಸಲಹೆಯ ಜೊತೆಯಲ್ಲೇ ಮುದ್ರಿಸಬೇಕೆಂದು ಕೋರುತ್ತೇನೆ.

ನನ್ನ ಅಂಗಡಿಗೆ ಬಂದ ಎರಡರಲ್ಲಿ ಹರಿದದ್ದನ್ನು ಅದೇ ಬಣ್ಣದ ನೂಲಿನಿಂದ ಹೆಣೆದು ಮುಚ್ಚಿ ಕೊಟ್ಟಿದ್ದೇನೆ. ಇನ್ನೊಂದು ಹಿಗ್ಗದೆಂದು ಯಜಮಾನರಿಗೆ ಹೇಳಿಯಾಗಿದೆ. ಜಡೆಗಟ್ಟಿದ ಬಟ್ಟೆ ಕತ್ತರಿಸಿದರೂ ಎಳೆ ಬಿಚ್ಚದಾದ್ದರಿಂದ, ಅವರ ಒಪ್ಪಿಗೆ ಪಡೆದು, ಅದರ ಮೇಲೆ ಎರಡು ಮಕ್ಕಳ ಟೋಪಿಗೆ ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದೇನೆ.

ಇತಿ,
ತಮ್ಮ ಓದುಗರಲ್ಲೊಬ್ಬಳು
ಡೆಂಕಣಿಕೋಟೆ, ಕೃಷ್ಣಗಿರಿ ಜಿಲ್ಲೆ